ತಾಯಿ ಕಾರ್ಡ್ ವಿಮರ್ಶೆ: ಚೀಲದಲ್ಲಿರುವ ಕಾರ್ಡನ್ನು ಮನೆಯವರು ಓದಬೇಕು

ಆನ್‌ಲೈನಿನಲ್ಲಿ ಮಾರುವ ಬಿಪಿ ಮಷೀನಿಗೆ ನೂರಾರು ಜನರ ಅಭಿಪ್ರಾಯ ಸಿಗುತ್ತದೆ. ಆ ಮಷೀನು ತೋರಿಸಿದ ಅಂಕಿಯನ್ನು ಬರೆದಿಡುವ ತಾಯಿ ಕಾರ್ಡಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಪುಕ್ಕಟೆ ಸಿಗುವುದಕ್ಕೆ ವಿಮರ್ಶೆ ಯಾಕೆ ಎಂದಿರಬೇಕು. ಹೆರಿಗೆ ವಾರ್ಡಿಗೆ ಪೋಸ್ಟಿಂಗ್ ಬಿದ್ದ ನರ್ಸಿಂಗ್ ವಿದ್ಯಾರ್ಥಿ ದಿನವಿಡೀ ಕೈಯಲ್ಲಿ ಹಿಡಿಯುವ ವಸ್ತು ಇದು. ರೋಗಿ ಶಿಕ್ಷಣ, ರೋಗಿಯ ಪರ ದನಿ ಎತ್ತುವುದು ಎಂದು ಪಠ್ಯದಲ್ಲಿ ಓದಿದ್ದೆಲ್ಲ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದೂ ಇದರ ಮೇಲೆಯೇ ಗೊತ್ತಾಗುತ್ತದೆ.

ಸರ್ಕಾರಿ ಭಾಷೆಯಲ್ಲಿ ಇದು ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡ್. ಕೇಂದ್ರದ ಆರೋಗ್ಯ ಇಲಾಖೆ ಮತ್ತು ಮಹಿಳಾ-ಮಕ್ಕಳ ಅಭಿವೃದ್ಧಿ ಇಲಾಖೆ ಸೇರಿ 2010ರಲ್ಲಿ ತಂದದ್ದು, 2018ರಲ್ಲಿ ಪರಿಷ್ಕರಿಸಿದ್ದು. ಕರ್ನಾಟಕದಲ್ಲಿ ಎಲ್ಲರ ಬಾಯಲ್ಲೂ ತಾಯಿ ಕಾರ್ಡ್. ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಸಿಸ್ಟರ್‌ಗೆ ತಿಳಿಸಿ ಹೆಸರು ನೋಂದಾಯಿಸಿದರೆ ಸಿಗುತ್ತದೆ. 12 ವಾರ ತುಂಬುವ ಮೊದಲೇ ನೋಂದಾಯಿಸಿದರೆ ಒಳ್ಳೆಯದು. ಮುದ್ರಣದಿಂದ ಮುದ್ರಣಕ್ಕೆ ಪುಟಗಳ ಕ್ರಮ ಬದಲಾಗುತ್ತದೆ, ಹೂರಣ ಹೆಚ್ಚುಕಡಿಮೆ ಒಂದೇ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ದಾಖಲೆಯಾಗಿ ಕಾರ್ಡು ಚೆನ್ನಾಗಿದೆ, ಪಾಠದ ಸಾಮಗ್ರಿಯಾಗಿ ಇನ್ನೂ ಚೆನ್ನಾಗಿದೆ. ಬಳಕೆ ಮಾತ್ರ ಸೊನ್ನೆಗೆ ಹತ್ತಿರ. ಕೌಂಟರಿನಲ್ಲಿ ಕೊಡು, ಬರೆಸಿಕೋ, ಚೀಲಕ್ಕೆ ಹಾಕು, ಅಷ್ಟಕ್ಕೇ ಮುಗಿಯುತ್ತದೆ. ಸಿಬ್ಬಂದಿ ಸಿಬ್ಬಂದಿಗಾಗಿ ಬರೆಯುವ ಪುಸ್ತಕವನ್ನು ಮನೆಯವರು ಒಂಬತ್ತು ತಿಂಗಳು ಹೊತ್ತು ತಿರುಗುತ್ತಾರೆ. ಹತ್ತು ನಿಮಿಷ ಕೂರಿಸಿ ಓದಿಸಿದರೆ ಅದೇ ಕಾರ್ಡು ಮನೆಯವರ ಕೈಗೆ ಪ್ರಶ್ನೆ ಕೊಡುತ್ತದೆ.

ಮೊದಲ ಪುಟದಲ್ಲೇ ಎರಡು ಮುಖ್ಯ ವಿಷಯಗಳಿವೆ. ಒಂದು ಆರ್‌ಸಿಎಚ್ ಸಂಖ್ಯೆ, ಅಂದರೆ ಗರ್ಭಿಣಿಯ ಸರ್ಕಾರಿ ನೋಂದಣಿ ಸಂಖ್ಯೆ, 12 ಅಂಕಿಯದ್ದು. ಕಾರ್ಡು ಕಳೆದರೂ ಈ ಸಂಖ್ಯೆಯಿದ್ದರೆ ನೋಂದಣಿಯ ವಿವರ ಹುಡುಕಬಹುದು. ಇನ್ನೊಂದು ಕೊನೆಯ ಮುಟ್ಟಿನ ತಾರೀಖು. ಎಡವುವುದು ಇಲ್ಲಿಯೇ ಹೆಚ್ಚು. ‘ಯುಗಾದಿ ಆಗಿ ನಾಲ್ಕು ದಿನಕ್ಕೆ’, ‘ಅಮಾವಾಸ್ಯೆಯ ಹಿಂದುಮುಂದು’ ಎಂದೇ ಬಹಳ ಹೆಂಗಸರು ನೆನಪಿಟ್ಟಿರುತ್ತಾರೆ. ಕ್ಯಾಲೆಂಡರ್ ತೆಗೆದು ಹಬ್ಬದಿಂದ ದಿನ ಎಣಿಸಿದರೆ ತಾರೀಖು ಸಿಗುತ್ತದೆ. ಅಂದಾಜಿಗೆ ತಿಂಗಳ ಒಂದನೇ ತಾರೀಖು ಎಂದು ಬರೆದರೆ ಎರಡು ಮೂರು ವಾರ ಹಿಂದುಮುಂದಾಗುತ್ತದೆ. ಹೆರಿಗೆಯ ದಿನದ ಲೆಕ್ಕ ಸುಲಭ: ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಮೇಲೆ ಏಳು ದಿನ ಕೂಡಿಸಬೇಕು. ಮಾರ್ಚ್ 10 ಆದರೆ ಡಿಸೆಂಬರ್ 17. ಮುಟ್ಟು ಕ್ರಮವಾಗಿರದವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಕೊಡುವ ತಾರೀಖೇ ಹೆಚ್ಚು ನಂಬಿಕೆಗೆ ಅರ್ಹ. ಕಾರ್ಡಿನಲ್ಲಿ ಎರಡು ತಾರೀಖು ಇದ್ದರೆ ಯಾವುದನ್ನು ಹಿಡಿಯಬೇಕೆಂದು ಡಾಕ್ಟರನ್ನೇ ಕೇಳಿ ಸುತ್ತು ಹಾಕಿಸಿಕೊಳ್ಳಬೇಕು. ‘ದಿನ ಮೀರಿತು, ನೋವು ಬರಿಸಬೇಕು’ ಎಂಬ ಮಾತು ಮುಂದೆ ಬಂದಾಗ ಆ ಸುತ್ತೇ ಆಧಾರ.

ತಪಾಸಣೆಯ ಕೋಷ್ಟಕ ಕಾರ್ಡಿನ ಹೃದಯಭಾಗ. ಕನಿಷ್ಠ ನಾಲ್ಕು ಭೇಟಿ: 12 ವಾರದೊಳಗೆ, 14ರಿಂದ 26, 28ರಿಂದ 34, ಆಮೇಲೆ 36ರಿಂದ ಹೆರಿಗೆಯವರೆಗೆ. ಪ್ರತಿ ಭೇಟಿಗೂ ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರದಲ್ಲಿ ಪ್ರೋಟೀನ್, ಹೊಟ್ಟೆಯ ಎತ್ತರ, ಮಗುವಿನ ಎದೆಬಡಿತ ತುಂಬಬೇಕು. ಮನೆಯವರಿಗೆ ಇಷ್ಟನ್ನೂ ಕಲಿಸಲು ಹೋದರೆ ಒಂದೂ ಉಳಿಯುವುದಿಲ್ಲ. ಬಿಪಿ, ಹಿಮೋಗ್ಲೋಬಿನ್, ತೂಕ ಈ ಮೂರು ಸಾಕು.

ಬಿಪಿಗೆ ಗೆರೆ 140/90. ಮೇಲಿನದಾಗಲಿ ಕೆಳಗಿನದಾಗಲಿ, ಒಂದು ಅಂಕಿ ಗೆರೆ ಮುಟ್ಟಿದರೂ ಸಾಕು, ವಿಶ್ರಾಂತಿ ಕೊಟ್ಟು ಮತ್ತೆ ನೋಡಬೇಕು, ಮೂತ್ರದ ಪ್ರೋಟೀನ್ ಪರೀಕ್ಷೆ ಆಗಲೇಬೇಕು. 160/110 ಇದ್ದರೆ ಮನೆಗೆ ಹೋಗುವ ಮಾತೇ ಇಲ್ಲ. ಅಂಕಿ ಸರಿಯಾಗಿ ಬರಬೇಕಾದರೆ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಬೇಕು, ಮೂತ್ರ ಮಾಡಿ ಬಂದಿರಬೇಕು, ತೋಳಿನ ಬಟ್ಟೆ ಸರಿಸಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ಮೆಟ್ಟಿಲು ಹತ್ತಿ ಬಂದವಳ ರವಿಕೆಯ ಮೇಲೆಯೇ ಪಟ್ಟಿ ಸುತ್ತಿ ನೋಡಿದರೆ ಆ ಅಂಕಿಗೆ ಬೆಲೆಯಿಲ್ಲ. ಇನ್ನೊಂದು ಸೂಕ್ಷ್ಮ: ನಾಲ್ಕು ಭೇಟಿಗೂ ಒಂದೇ ಕೈಬರಹದಲ್ಲಿ 110/70 ಎಂದೇ ಇದ್ದರೆ ಅದು ಒಳ್ಳೆಯ ಬಿಪಿಯೂ ಇರಬಹುದು, ನೋಡದೆ ಬರೆದದ್ದೂ ಇರಬಹುದು. ಬಿಪಿ ನೋಡುವಾಗ ‘ಎಷ್ಟು ಬಂತು ಸಿಸ್ಟರ್?’ ಎಂದು ಜೊತೆಗಿದ್ದವರು ಪ್ರತಿ ಸಲ ಕೇಳುವುದನ್ನು ರೂಢಿ ಮಾಡಿಕೊಂಡರೆ ನೋಡದೆ ಬರೆಯುವುದು ತಾನಾಗಿ ನಿಲ್ಲುತ್ತದೆ. ಜಗಳದ ಅಗತ್ಯವಿಲ್ಲ.

ತೂಕಕ್ಕೂ ಹೀಗೆಯೇ. ಚಪ್ಪಲಿ ಬಿಟ್ಟು, ಸಾಧ್ಯವಾದರೆ ಅದೇ ತೂಕದ ಯಂತ್ರದಲ್ಲೇ ನೋಡಬೇಕು. ಇಡೀ ಗರ್ಭಾವಸ್ಥೆಗೆ ಸುಮಾರು 9ರಿಂದ 11 ಕೆಜಿ ಏರಿಕೆ ಸಾಮಾನ್ಯ. ಒಂದೇ ತಿಂಗಳಲ್ಲಿ 3 ಕೆಜಿಗಿಂತ ಹೆಚ್ಚು ಏರಿದರೆ ‘ಚೆನ್ನಾಗಿ ತಿಂತಿದ್ದಾಳೆ’ ಎಂದು ಖುಷಿಪಡದೆ ಬಿಪಿ ನೋಡಿಸಬೇಕು. ಸಂಜೆ ಹೊತ್ತಿಗೆ ಪಾದ ಊದುವುದು ಬಹಳ ಜನರಿಗೆ ಇದ್ದದ್ದೇ. ಬೆಳಿಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಬಳೆ ಉಂಗುರ ಬಿಗಿಯಾಗಿದ್ದರೆ ಅದು ಬೇರೆ ಲೆಕ್ಕ. ಬಳೆಯ ಗುರುತನ್ನು ಅಜ್ಜಿಯರು ಬೇಗ ಹಿಡಿಯುತ್ತಾರೆ.

ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. ಅದನ್ನು ಉಪಕೇಂದ್ರದಲ್ಲಿ ಮಾತ್ರೆ ಕೊಟ್ಟು ಕಳಿಸುವಂತಿಲ್ಲ, ದೊಡ್ಡ ಆಸ್ಪತ್ರೆ ನೋಡಬೇಕು. ಕಬ್ಬಿಣದ ಮಾತ್ರೆಯ ಕಾಲಂ ಕಾರ್ಡಿನ ದೊಡ್ಡ ಮೋಸ. ಎಷ್ಟು ಕೊಟ್ಟರು ಎಂದು ಬರೆಯಲು ಜಾಗವಿದೆ, ಎಷ್ಟು ನುಂಗಿದಳು ಎಂದು ಬರೆಯಲು ಜಾಗವಿಲ್ಲ. 180 ಎಂದು ತುಂಬಿದ ಕಾರ್ಡಿನ ಒಡತಿಯ ಮನೆಯ ಗೂಡಿನಲ್ಲಿ 120 ಮಾತ್ರೆ ಹಾಗೇ ಕೂತಿರಬಹುದು. ಕಾರಣ ಗೊತ್ತಿರುವುದೇ. ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವುದು, ಅದರ ಮೇಲೆ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯ. ಮಲ ಕಪ್ಪಾಗುವುದು ಮೈಗೆ ಹತ್ತದೆ ಉಳಿದ ಕಬ್ಬಿಣದಿಂದ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅತ್ತೆಯ ಎದುರಿಗೇ ಹೇಳಬೇಕು. ಸೊಸೆಗೆ ಮಾತ್ರ ಹೇಳಿದರೆ ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ.

ಮಾತ್ರೆಯ ಹೊತ್ತನ್ನು ಹೀಗೆ ಕೂರಿಸಬಹುದು: ಬೆಳಿಗ್ಗೆ ತಿಂಡಿಯ ಜೊತೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟದ ಜೊತೆ ಇನ್ನೊಂದು, ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ಕೆಂಪು ಕಬ್ಬಿಣದ ಮಾತ್ರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ. ಜೊತೆಗೆ ಲಿಂಬೆ ಪಾನಕ ಆದೀತು. ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, ಕನಿಷ್ಠ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತಹೀನತೆ ಇದ್ದರೆ ದಿನಕ್ಕೆರಡು. ಒಂದು ತಿಂಗಳು ಸರಿಯಾಗಿ ತೆಗೆದುಕೊಂಡೂ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ ಅದೇ ಮಾತ್ರೆಯನ್ನು ಮತ್ತೆ ಒಯ್ಯದೆ ‘ಏರಿಲ್ಲ, ಮುಂದೇನು?’ ಎಂದು ಕೇಳಬೇಕು. ಇಂಜೆಕ್ಷನ್ ರೂಪದ ಕಬ್ಬಿಣ, ಬೇರೆ ಕಾರಣದ ಹುಡುಕಾಟ, ಎಲ್ಲಕ್ಕೂ ದಾರಿ ಇಲ್ಲಿಂದಲೇ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಇರುತ್ತದೆ, 2016ರಿಂದ ನಡೆದುಬಂದ ಯೋಜನೆ. ಅಂದು ಕಾರ್ಡಿಗೆ ಬಣ್ಣದ ಸ್ಟಿಕ್ಕರ್ ಅಂಟಿಸುವ ಕ್ರಮವಿದೆ. ಹಸಿರೆಂದರೆ ತೊಂದರೆ ಕಂಡಿಲ್ಲ, ಕೆಂಪೆಂದರೆ ಅಪಾಯದ ಗರ್ಭ, ನೀಲಿ ಬಿಪಿಗೆ, ಹಳದಿ ಸಕ್ಕರೆ ಕಾಯಿಲೆ, ಥೈರಾಯ್ಡ್‌ನಂಥವಕ್ಕೆ. ಉಪಾಯ ಒಳ್ಳೆಯದೇ. ಆದರೆ ಕೆಂಪು ಅಂಟಿಸಿ ಕಾರಣ ಹೇಳದೆ ಕಳಿಸಿದರೆ ಮನೆಯಲ್ಲಿ ಹುಟ್ಟುವುದು ಹೆದರಿಕೆ ಒಂದೇ. ಸ್ಟಿಕ್ಕರಿನ ಪಕ್ಕದಲ್ಲಿ ಕನ್ನಡದಲ್ಲಿ ಎರಡು ಪದ ಬರೆಸಿಕೊಳ್ಳಿ: ‘ಹಿಂದಿನದು ಸಿಸೇರಿಯನ್’, ‘ರಕ್ತ ಕಡಿಮೆ’, ‘ಅವಳಿ’. ಮಳೆಗಾಲದಲ್ಲಿ ಸ್ಟಿಕ್ಕರ್ ಕಿತ್ತುಬಂದರೂ ಬರಹ ಉಳಿಯುತ್ತದೆ. ಕೆಂಪು ಇದ್ದವರು ಹೆರಿಗೆ ಎಲ್ಲಿ ಎಂಬುದನ್ನು ನೋವು ಶುರುವಾಗುವ ಮೊದಲೇ, ಶಸ್ತ್ರಚಿಕಿತ್ಸೆ ಮತ್ತು ರಕ್ತದ ವ್ಯವಸ್ಥೆ ಇರುವ ಕಡೆಗೇ ಗೊತ್ತುಮಾಡಿಕೊಳ್ಳಬೇಕು.

ಅಪಾಯದ ಲಕ್ಷಣಗಳ ಪುಟ ಕಾರ್ಡಿನ ಅತಿ ಒಳ್ಳೆಯ ಭಾಗ. ಚಿತ್ರಗಳಿವೆ, ಓದು ಬಾರದವರಿಗೂ ತೋರಿಸಬಹುದು. ರಕ್ತ ಹೋಗುವುದು, ಜೋರು ತಲೆನೋವು ಮತ್ತು ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು, ನೀರು ಒಡೆಯುವುದು. ಇದನ್ನು ಕಲಿಸುವ ಬಗೆಯಲ್ಲಿ ಮಾತ್ರ ಎಲ್ಲರೂ ತಪ್ಪುತ್ತಾರೆ. ಒಂದೇ ಉಸಿರಿಗೆ ಓದಿ ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಬಿಳಿ ಕೋಟಿನ ಮುಂದೆ ಇಲ್ಲ ಅನ್ನುವವರು ಯಾರು? ಅದರ ಬದಲು ಹೀಗೆ ಕೇಳಿ ನೋಡಿ: ‘ಅಮ್ಮ, ರಾತ್ರಿ ಹನ್ನೊಂದಕ್ಕೆ ನಿಮ್ಮ ಸೊಸೆ ತಲೆ ಸಿಡೀತಿದೆ, ಕಣ್ಣು ಮಂಜು ಅಂತ ಎದ್ದು ಕೂತರು ಅನ್ನಿ. ನೀವು ಮೊದಲು ಏನು ಮಾಡ್ತೀರಿ?’ ಅಮೃತಾಂಜನ ಹಚ್ಚುತ್ತೇನೆ, ಬೆಳಿಗ್ಗೆ ನೋಡೋಣ ಎಂಬ ಉತ್ತರ ಬಂದರೆ ಪಾಠ ಎಲ್ಲಿ ತಲುಪಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮತ್ತೆ ಹೇಳಿ, ಮತ್ತೆ ಅವರ ಬಾಯಲ್ಲೇ ಹೇಳಿಸಬೇಕು. ಇದು ಪರೀಕ್ಷೆಯೆಂದು ಅನ್ನಿಸಕೂಡದು. ‘ನಾನು ಸರಿಯಾಗಿ ಹೇಳಿದೆನಾ ನೋಡಬೇಕು, ಒಂದು ಸಲ ನೀವೇ ಹೇಳಿ’ ಎಂದು ಶುರು ಮಾಡಿದರೆ ಯಾರೂ ಮುಜುಗರಪಡುವುದಿಲ್ಲ. ಒಂದು ಸಲಕ್ಕೆ ಮೂರು ಲಕ್ಷಣ ಸಾಕು. ಉಳಿದದ್ದು ಮುಂದಿನ ಭೇಟಿಗೆ.

ಯಾರಿಗೆ ಹೇಳಬೇಕು ಎಂಬುದೂ ಅಷ್ಟೇ ಮುಖ್ಯ. ಗರ್ಭಿಣಿಗೆ ಹೇಳಲೇಬೇಕು, ಆದರೆ ಫಿಟ್ಸ್ ಬಂದವಳು ಫೋನ್ ಮಾಡಲಾರಳು. ಮನೆಯಲ್ಲಿ ಗಾಡಿ ಗೊತ್ತುಮಾಡುವವರು, ದುಡ್ಡು ತೆಗೆಯುವವರು, ‘ಹೊರಡಿ’ ಎಂದರೆ ನಡೆಯುವ ಮಾತಿನವರು ಯಾರು ಎಂದು ಕೇಳಿ ಅವರನ್ನು ಕೂರಿಸಬೇಕು. ಗಂಡಸರನ್ನು ವಾರ್ಡಿನ ಬಾಗಿಲಲ್ಲೇ ತಡೆಯುವ ಕಡೆ ವರಾಂಡದ ಬೆಂಚೇ ತರಗತಿಯಾಗಬೇಕಾಗುತ್ತದೆ. ಹೊತ್ತು ಕೂಡ ನೋಡಿಕೊಳ್ಳಬೇಕು. ಡಿಸ್ಚಾರ್ಜ್ ದಿನ ಯಾರ ಗಮನವೂ ಅಲ್ಲಿರುವುದಿಲ್ಲ. ಒಬ್ಬರು ಗಾಡಿಗೆ ಓಡುತ್ತಿರುತ್ತಾರೆ, ಇನ್ನೊಬ್ಬರು ಸಾಮಾನು ಕಟ್ಟುತ್ತಿರುತ್ತಾರೆ. ಹಿಂದಿನ ದಿನ ರೌಂಡ್ಸ್ ಮುಗಿದು ಊಟಕ್ಕೆ ಮೊದಲು ಸಿಗುವ ಅರ್ಧ ಗಂಟೆಯೇ ಸರಿ.

ಕಾರ್ಡು ಮಾಡಿದವರ ಲೆಕ್ಕಕ್ಕೆ ಸಿಗದ ಒಂದು ವಿಷಯ ನಮ್ಮ ಕಡೆಯ ಪದ್ಧತಿ. ಚೊಚ್ಚಲು ಹೆರಿಗೆಗೆ ಏಳನೇ ತಿಂಗಳಿಗೋ ಒಂಬತ್ತಕ್ಕೋ ಸೀಮಂತ ಮುಗಿಸಿ ತವರಿಗೆ ಕಳಿಸುತ್ತಾರೆ. ಕಾರ್ಡು ಗಂಡನ ಊರಿನ ಉಪಕೇಂದ್ರದ್ದು, ತವರಿನ ಆಶಾಗೆ ಇವಳ ಹೆಸರೇ ಗೊತ್ತಿಲ್ಲ. ಬಿಪಿ ಏರುವುದು, ಮಗು ಅಡ್ಡ ನಿಂತಿರುವುದು ಎಲ್ಲ ತಿಳಿಯಬೇಕಾದ ಕೊನೆಯ ಎರಡು ತಿಂಗಳು ಯಾರ ಪಟ್ಟಿಯಲ್ಲೂ ಇಲ್ಲದೆ ಕಳೆದುಹೋಗುತ್ತವೆ. ತವರು ಸೇರಿದ ವಾರದಲ್ಲೇ ಅಲ್ಲಿನ ಉಪಕೇಂದ್ರಕ್ಕೆ ಕಾರ್ಡು ಒಯ್ದು ಆರ್‌ಸಿಎಚ್ ಸಂಖ್ಯೆ ತೋರಿಸಿ, ಅಲ್ಲಿನ ಆಶಾ ಮತ್ತು ಸಿಸ್ಟರ್ ಫೋನ್ ನಂಬರನ್ನು ಕಾರ್ಡಿನ ಮೇಲೆ ಬರೆಸಿಕೊಂಡರೆ ಈ ಕಂದಕ ಮುಚ್ಚುತ್ತದೆ. ದುಡಿಯಲು ಗೋವಾಕ್ಕೋ ಮುಂಬೈಗೋ ಹೋಗುವ ಉತ್ತರ ಕರ್ನಾಟಕದ ಕುಟುಂಬಗಳಿಗೆ ಇನ್ನೊಂದು ಪೇಚು: ಕನ್ನಡದ ಕಾರ್ಡನ್ನು ಅಲ್ಲಿನ ಸಿಸ್ಟರ್ ಓದಲಾರರು. ರಕ್ತದ ಗುಂಪು, ಹೆರಿಗೆಯ ತಾರೀಖು, ಹಿಂದಿನ ಸಿಸೇರಿಯನ್ ಇಷ್ಟನ್ನು ಇಂಗ್ಲಿಷಿನಲ್ಲೂ ಬರೆಸಿಟ್ಟುಕೊಳ್ಳಬೇಕು.

ಬೇರೆ ಆಸ್ಪತ್ರೆಗೆ ರೆಫರ್ ಮಾಡುವ ಗಳಿಗೆಯಲ್ಲಿ ಮನೆಯವರ ದನಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. 108 ಬಂದು ನಿಂತಿರುತ್ತದೆ, ಎಲ್ಲರಿಗೂ ಗಾಬರಿ. ಆಗ ಕೇಳಬೇಕಾದ್ದು ಮೂರೇ: ಯಾಕೆ ಕಳಿಸುತ್ತಿದ್ದೀರಿ, ಏನು ಔಷಧ ಕೊಟ್ಟಿದ್ದೀರಿ, ಎಷ್ಟು ಗಂಟೆಗೆ. ಮೂರೂ ಬರಹದಲ್ಲಿರಬೇಕು. ಬಿಪಿ ಏರಿ ಫಿಟ್ಸ್ ಬಂದವರಿಗೆ ಸಣ್ಣ ಆಸ್ಪತ್ರೆಯಲ್ಲಿ ಮೊದಲ ಡೋಸ್ ಮ್ಯಾಗ್ನೀಷಿಯಂ ಸಲ್ಫೇಟನ್ನು ಎರಡೂ ಪಿರ್ರೆಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಚುಚ್ಚುತ್ತಾರೆ. ಅದನ್ನೂ ಗಂಟೆಯನ್ನೂ ಬರೆಯದೆ ಕಳಿಸಿದರೆ ಮುಂದಿನ ಆಸ್ಪತ್ರೆಯವರು ಕತ್ತಲಲ್ಲಿ ತಡಕಾಡುತ್ತಾರೆ: ಮತ್ತೆ ಕೊಟ್ಟರೆ ಹೆಚ್ಚಾದೀತು, ಕೊಡದಿದ್ದರೆ ಇನ್ನೊಂದು ಫಿಟ್ಸ್. ಕೇಳಿದರೆ ಸಿಬ್ಬಂದಿ ಸಿಡುಕಬಹುದು. ‘ಮುಂದಿನವರು ನಮ್ಮನ್ನೇ ಕೇಳ್ತಾರೆ ಸಿಸ್ಟರ್, ನಮಗೆ ಹೇಳೋಕೆ ಬರಲ್ಲ, ಬರೆದುಕೊಡಿ’ ಎಂದರೆ ಸಾಮಾನ್ಯವಾಗಿ ಬರೆಯುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಬಂದುಹೋಗುವ ಗಾಡಿ ಇವೆಲ್ಲ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವೇ ಹೇಳುತ್ತದೆ. ಹೊರಗಿನಿಂದ ತರಲು ಚೀಟಿ ಬರೆದರೆ ‘ಒಳಗೆ ಇಲ್ವಾ?’ ಎಂದು ಕೇಳುವುದು ಉದ್ಧಟತನವಲ್ಲ. ಮನೆಗೆ ಮರಳಲು ನಗು-ಮಗು ವಾಹನವನ್ನೂ ಕೇಳಬಹುದು.

ಹೆರಿಗೆಯಾದ ಮೇಲೆ ಕಾರ್ಡಿನಿಂದ ತಾಯಿ ಮಾಯವಾಗುತ್ತಾಳೆ. ಕಾರ್ಡಿನಲ್ಲಿ ಪುಟವಿದೆ, ಬಳಸುವವರಿಲ್ಲ; ಅಲ್ಲಿಂದ ಅದು ಮಗುವಿನ ಲಸಿಕೆ ಪುಸ್ತಕ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಮಗುವಿನ ತೂಕ ನೋಡಿ ಹೊರಟರೆ ಸಾಲದು, ತಾಯಿಯ ಬಗ್ಗೆಯೂ ಕೇಳಬೇಕು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಜ್ವರ, ಕೆಟ್ಟ ವಾಸನೆಯ ಸ್ರಾವ, ಜೋರು ತಲೆನೋವು ಬಾಣಂತಿಯಲ್ಲೂ ಅಪಾಯದವೇ. ಬಿಪಿಯ ಕಾಟ ಹೆರಿಗೆಯೊಂದಿಗೆ ಮುಗಿಯಿತೆಂಬ ನಂಬಿಕೆ ಸುಳ್ಳು, ಆರು ವಾರದವರೆಗೂ ಏರಬಹುದು. ಬಾಣಂತನದ ಪಥ್ಯದ ಜೊತೆ ಪೂರ್ತಿ ಜಗಳಕ್ಕೆ ಇಳಿಯುವ ವಿದ್ಯಾರ್ಥಿ ಸೋಲುವುದು ಖಂಡಿತ. ಬಿಸಿನೀರು, ಬೆಳ್ಳುಳ್ಳಿ, ಮೆಂತ್ಯ ಇದ್ದುಕೊಳ್ಳಲಿ. ನಿಲ್ಲಿಸಬೇಕಾದ್ದು ಕುಡಿಯುವ ನೀರನ್ನು ಕಡಿತಗೊಳಿಸುವುದು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು, ಮಗುವಿನ ಮೂಗು ಕಿವಿಗೆ ಎಣ್ಣೆ ಬಿಡುವುದು, ಜೇನು-ಹರಳೆಣ್ಣೆ ನೆಕ್ಕಿಸುವುದು, ಹೊಕ್ಕುಳಿಗೆ ಏನಾದರೂ ಹಚ್ಚುವುದು.

ಲಸಿಕೆಯ ಪುಟ ಅಚ್ಚುಕಟ್ಟು, ಹೆಚ್ಚು ಹೇಳಬೇಕಾದ್ದಿಲ್ಲ. ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಬಿದ್ದಿದೆಯೇ ಎಂದು ಮನೆಗೆ ಹೊರಡುವ ಮುನ್ನ ನೋಡಿಕೊಳ್ಳಿ. 6, 10, 14 ವಾರದ ಸುತ್ತಿನಲ್ಲಿ ಒಂದು ತಪ್ಪಿದರೆ ಮೊದಲಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು.

ಮಗುವಿನ ತೂಕವನ್ನು ತಿಂಗಳ ಲೆಕ್ಕದಲ್ಲಿ ಚುಕ್ಕೆಯಿಟ್ಟು ಗುರುತಿಸುವ ಬೆಳವಣಿಗೆಯ ನಕ್ಷೆಯೇ ಬೇರೆ ಕಥೆ. ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಎಂದು ಬೇರೆ ಬೇರೆ ನಕ್ಷೆಗಳಿವೆ, ಮೊದಲ ತಪ್ಪು ಅಲ್ಲೇ ಆಗುತ್ತದೆ. ಎರಡನೆಯದು ತುಂಬಿದ ತಿಂಗಳ ಬದಲು ನಡೆಯುತ್ತಿರುವ ತಿಂಗಳಿಗೆ ಚುಕ್ಕೆ ಇಡುವುದು. ಮೂರನೆಯದು ಚುಕ್ಕೆ ಇಟ್ಟು ಗೆರೆ ಎಳೆಯದಿರುವುದು. ಹಸಿರು ಪಟ್ಟಿಯಲ್ಲಿದೆ ಎಂದು ಸಮಾಧಾನಪಡುವ ಮೊದಲು ಗೆರೆ ಎತ್ತ ಹೋಗುತ್ತಿದೆ ನೋಡಬೇಕು. ಹಸಿರಿನೊಳಗೇ ಇದ್ದರೂ ಎರಡು ತಿಂಗಳಿಂದ ಮಟ್ಟಸ ಮಲಗಿದ ಗೆರೆ, ಹಳದಿಯಲ್ಲಿದ್ದು ಮೇಲೇರುತ್ತಿರುವ ಗೆರೆಗಿಂತ ಹೆಚ್ಚು ಚಿಂತೆಯದು. ಪೆನ್ಸಿಲ್ ಕೊಟ್ಟು ತಾಯಿಯಿಂದಲೇ ಗೆರೆ ಎಳೆಸಿದರೆ ಮುಂದಿನ ತಿಂಗಳು ಅವಳೇ ಅಂಗನವಾಡಿಯಲ್ಲಿ ‘ಚುಕ್ಕೆ ಇಡಿ’ ಎಂದು ಕೇಳುತ್ತಾಳೆ.

ಕೊರತೆಗಳನ್ನೂ ಹೇಳಬೇಕಲ್ಲ. ಅಕ್ಷರ ಸಣ್ಣದು, ಬರೆಯುವ ಚೌಕ ಇನ್ನೂ ಸಣ್ಣದು. ಮುದ್ರಣ ಕನ್ನಡ, ತುಂಬುವುದು ಇಂಗ್ಲಿಷಿನ ಸಂಕ್ಷೇಪ. ಜಿ2 ಪಿ1 ಎಲ್1 ಎಂದರೆ ಎರಡನೇ ಬಸಿರು, ಹಿಂದೆ ಒಂದು ಹೆರಿಗೆ, ಬದುಕಿರುವ ಮಗು ಒಂದು ಎಂದು ಮನೆಯವರಿಗೆ ಯಾರು ಹೇಳಬೇಕು? ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಅಲ್ಲಿ ಬೇರೆ ಫೈಲ್ ಕೊಡುತ್ತಾರೆ, ತಾಯಿ ಕಾರ್ಡು ಖಾಲಿ ಉಳಿಯುತ್ತದೆ. ಆಮೇಲೆ ಮಾತೃ ವಂದನಾ ಯೋಜನೆಯ ಹಣಕ್ಕೆ ಅರ್ಜಿ ಹಾಕುವಾಗ ಪರದಾಟ. ಪ್ರತಿ ಭೇಟಿಯಲ್ಲೂ ಕಾರ್ಡನ್ನೂ ಮುಂದಿಟ್ಟು ಬರೆಸಬೇಕು. ಕಾಳಜಿಯಿಂದ ಲ್ಯಾಮಿನೇಷನ್ ಮಾಡಿಸುವವರಿದ್ದಾರೆ, ಮಾಡಿಸಬೇಡಿ, ಅದರ ಮೇಲೆ ಪೆನ್ನು ಹಿಡಿಯುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕವರ್ ಸಾಕು. ಪ್ರತಿ ತಪಾಸಣೆಯ ನಂತರ ಮೊದಲ ಪುಟ, ತಪಾಸಣೆಯ ಪುಟ ಮತ್ತು ರಕ್ತದ ಗುಂಪು ಇರುವ ಪುಟವನ್ನು ಇಬ್ಬರ ಫೋನಿನಲ್ಲಿ ಫೋಟೊ ತೆಗೆದಿಡಿ. ಒಂದೇ ಫೋನಿನಲ್ಲಿದ್ದರೆ, ಅದರ ಒಡೆಯ ಕೆಲಸಕ್ಕೆ ಹೋದ ಹೊತ್ತಿಗೇ ನೋವು ಶುರುವಾಗುತ್ತದೆ.

ಅಂಕ ಕೊಡುವುದಾದರೆ ಕಾರ್ಡಿಗೆ ಐದಕ್ಕೆ ನಾಲ್ಕು, ಅದನ್ನು ಕೈಗೆ ಕೊಡುವ ಸೇವೆಗೆ ಎರಡು. ಮುಂದಿನ ಮುದ್ರಣಕ್ಕೆ ಒಂದೇ ಬೇಡಿಕೆ: ತಪಾಸಣೆಯ ಕೋಷ್ಟಕದ ಕೆಳಗೆ ಒಂದು ಸಾಲು ಸೇರಿಸಲಿ. ಮನೆಯವರಲ್ಲಿ ಯಾರಿಗೆ ವಿವರಿಸಲಾಯಿತು, ಅವರು ತಿರುಗಿ ಏನು ಹೇಳಿದರು, ವಿವರಿಸಿದವರ ಸಹಿ. ಬಿಪಿಗೆ ಚೌಕವಿರುವುದರಿಂದಲೇ ಬಿಪಿ ನೋಡುತ್ತಾರೆ. ವಿವರಣೆಗೂ ಚೌಕ ಬಂದರೆ ಅದನ್ನು ಖಾಲಿ ಬಿಡಲು ಯಾರಿಗಾದರೂ ಹಿಂಜರಿಕೆಯಾಗುತ್ತದೆ. ಅಲ್ಲಿಯವರೆಗೆ ಕಾರ್ಡಿನ ಹಿಂಬದಿಯ ಖಾಲಿ ಜಾಗದಲ್ಲಿ ಆ ಸಾಲನ್ನು ಪೆನ್ನಿನಲ್ಲಿ ಎಳೆದುಕೊಳ್ಳಬಹುದು.